ಸೇವಂತಿಯಕ್ಕನ ಕಿಟಕಿ ಸೀಟು

ಸೇವಂತಿಯಕ್ಕನನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಅವಳ ಗಂಡ ರಮಾನಾಥಣ್ಣನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಹೆಂಡತಿಯ ತಲೆಯೊಳಗೆ ಚಪ್ಪಲಿ ಹಾಕಿಕೊಂಡೇ ನುಗ್ಗುವ ಹಕ್ಕನ್ನು ಈ ಕತೆ ಬರೆಯುವ ಗಂಡಸರಿಗೆ ಯಾರು ಕೊಟ್ಟರೋ!

ಉಡುಪಿಯಿಂದ ಮದುವೆಯಾಗಿ ಮಲಾಡಿಗೆ ಬಂದ ಅಕ್ಕ ಇಪ್ಪತ್ತಾರು ವರ್ಷಗಳಿಂದ ಫೋರ್ಟಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ ಮಾಡುತ್ತಾಳೆ. ಐದಕ್ಕೆದ್ದು ಅತ್ತೆಯ ಕಷಾಯ, ಮಗಳ ಡಬ್ಬಿ, ಗಂಡನ ಇಸ್ತ್ರಿ ಎಲ್ಲ ಮುಗಿಸಿ, ಮಲಾಡಿನಲ್ಲೇ ಶುರುವಾಗುವ ಲೋಕಲ್ ರೈಲು ಹಿಡಿದು, ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚುತ್ತಾಳೆ. ಕೊನೆಯ ನಿಲ್ದಾಣ ಚರ್ಚ್‌ಗೇಟ್ ಬರುವ ತನಕ ತೆರೆಯುವುದಿಲ್ಲ. ಎದುರು ಕೂರುವ ನಾವ್ಯಾರೂ ಅವಳನ್ನು ಮಾತಾಡಿಸುವುದಿಲ್ಲ.

ಈ ವರ್ಷ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ರಮಾನಾಥಣ್ಣ ಒಂದು ಕತೆ ಕೊಟ್ಟ. ಹೆಂಡತಿಯೇ 'ನಾನು' ಎಂದು ಹೇಳಿಕೊಳ್ಳುವ ಕತೆ. ಲೋಕಲಿನಲ್ಲಿ ಕಣ್ಣು ಮುಚ್ಚಿದ ಅವಳು ಗಂಡನ ಮೊದಲ ನಗು, ಗಂಡನ ಮೌನ, ಗಂಡನ ಒಂಟಿತನ ಎಂದು ನಾಲ್ಕು ಪುಟ ಅವನನ್ನೇ ಧ್ಯಾನಿಸುತ್ತಾಳೆ. ಪ್ರೂಫ್ ನೋಡಿದವಳು ನಾನೇ. ಅಕ್ಕನೇ ಹೇಳಿರಬೇಕು ಅಂದುಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ, ದಡ್ಡಿ ನಾನು.

ಸಂಚಿಕೆ ಬಂದ ಮರುದಿನದಿಂದಲೇ ಲೋಕಲಿನ ಲೇಡೀಸ್ ಡಬ್ಬದಲ್ಲಿ ತಮಾಷೆ ಶುರುವಾಯಿತು. ಅಕ್ಕ ಕಣ್ಣು ಮುಚ್ಚಿದರೆ ಸಾಕು, "ಏನಕ್ಕಾ, ಭಾವ ಬಂದ್ರಾ?" ಎಂದು ಒಬ್ಬಳು. ಕಿಸಕ್ಕೆಂದು ನಾಲ್ವರು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ತಪ್ಪೊಪ್ಪಿಕೊಳ್ಳಲು ಅವಳ ಮನೆಗೆ ಹೋದೆ. ಅಕ್ಕ ಗಂಡನ ಮುಂದೆ ಸಂಚಿಕೆ ಬಿಸಾಡಿ ನಿಂತಿದ್ದಳು.

"ಲೋಕಲಲ್ಲಿ ನಾನು ಎಂಥದ್ದೂ ಯೋಚನೆ ಮಾಡುದಿಲ್ಲ ಮಾರಾಯ್ರೆ! ನಿಮ್ಮದೂ ಇಲ್ಲ, ಮಗಳದ್ದೂ ಇಲ್ಲ. ತಲೆ ಖಾಲಿ. ದಿನಕ್ಕೆ ಆ ಒಂದು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಅದ್ರಿಂದಲೇ ಉಳಿದ ದಿನ ತಳ್ಳುದು."

ರಮಾನಾಥಣ್ಣ ಕನ್ನಡಕ ಸರಿಮಾಡಿಕೊಂಡ. "ಹಾಗೆ ಖಾಲಿ ಇರ್ಲಿಕ್ಕೆ ಆಗುದಿಲ್ಲ ಸೇವಂತಿ. ಮನಸ್ಸು ಅಂದ ಮೇಲೆ ಒಳಗೆ ಏನಾದ್ರೂ ಓಡ್ತಾ ಇರ್ತದೆ. ನಿನಗೆ ಗೊತ್ತಾಗುದಿಲ್ಲ, ಅಷ್ಟೇ."

ಅವಳ ಮನಸ್ಸು ಅವಳಿಗೇ ಗೊತ್ತಿಲ್ಲವಂತೆ, ಇವನಿಗೆ ಗೊತ್ತಂತೆ! ನನಗೆ ತಡೆಯಲಾಗಲಿಲ್ಲ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು.

"ಮೊದ್ಲು ಇರ್ಲಿಲ್ಲ. ಈಗ ಉಂಟು. ಕಣ್ಣು ಮುಚ್ಚಿದ ಕೂಡ್ಲೇ ನೀವು ಬರೆದ ವಾಕ್ಯವೇ ತಲೆಯೊಳಗೆ ಶುರುವಾಗ್ತದೆ. ನಿಲ್ಲುದೇ ಇಲ್ಲ."

ರಮಾನಾಥಣ್ಣನ ಮುಖ ಅರಳಿತು. ಮುಂದಕ್ಕೆ ಬಾಗಿ ಕೇಳಿದ:

"ಹೌದಾ? ಯಾವ ವಾಕ್ಯ?"