ಮೂರು ಗಂಟೆಗೆ ಬರುವ ಡಾಕ್ಟರು

ಸಂಡೂರಿನ ಗಣಿಯಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದ ನನ್ನ ಗಂಡನಿಗೆ ಆಸ್ಟ್ರೇಲಿಯಾದಲ್ಲೂ ಅದೇ ಕೆಲಸ ಸಿಕ್ಕಿತು. ಅದೇ ಕೆಂಪು ಧೂಳು, ಅದೇ ಅದಿರು. ಎರಡು ವಾರ ದೂರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮನೆ ಇದ್ದದ್ದು ಪರ್ತ್ ಎಂಬ ಕಡಲತೀರದ ಊರಿನಲ್ಲಿ. ಹೊಸಪೇಟೆಯ ಚಿತ್ತವಾಡ್ಗಿ ಬಿಟ್ಟು ಎಲ್ಲೂ ಒಬ್ಬಳೇ ಇರದಿದ್ದ ನನಗೆ ಜೊತೆಯಾಗಲೆಂದು ಕಂಪ್ಲಿಯಿಂದ ಅತ್ತೆ ಮೂರು ತಿಂಗಳ ಮಟ್ಟಿಗೆ ಬಂದರು. ಅವರು ತಂದ ತಿನಿಸಿನಲ್ಲಿ ಅರ್ಧವನ್ನು ವಿಮಾನ ನಿಲ್ದಾಣದವರು ಇಳಿಸಿಕೊಂಡರು. ಮುಟ್ಟದೆ ಬಿಟ್ಟದ್ದು ಅತ್ತೆಯ ಮಂಡಿಯ ಫೈಲು.

ಆ ಫೈಲಿನ ಬಗ್ಗೆ ಹೇಳಬೇಕು. ನಮ್ಮ ಅತ್ತೆಗೆ ಮಂಡಿನೋವಿಗಿಂತ ಡಾಕ್ಟರ ಮೇಲೆ ಪ್ರೀತಿ ಜಾಸ್ತಿ. ಹೊಸಪೇಟೆಯ ಇಬ್ಬರು, ಬಳ್ಳಾರಿಯ ಮೂವರು, ಹುಬ್ಬಳ್ಳಿಯ ಒಬ್ಬರು, ಎಲ್ಲರ ಚೀಟಿಗಳೂ ಎಕ್ಸರೇಗಳೂ ಅದರಲ್ಲಿದ್ದವು. ಬೇರೆಯವರು ಮಕ್ಕಳ ಮದುವೆಯ ಆಲ್ಬಮ್ ತೋರಿಸುವ ಹಾಗೆ ಅವರು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೊದಲ ವಾರಗಳಲ್ಲಿ ನಾವಿಬ್ಬರೂ ಬಸ್ಸು ಹತ್ತಿ ಊರು ನೋಡಿದೆವು. ನದಿಯಲ್ಲಿ ಕಪ್ಪು ಹಂಸಗಳಿದ್ದವು. “ಪಾಪ, ಇವಕ್ಕ ಯಾರು ಮಸಿ ಬಳದಾರಬೇ?” ಎಂದು ಅತ್ತೆ ಮರುಗಿದರು. ಇಲ್ಲಿ ಬಸ್ಸಿಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಅದು ಅತ್ತೆಗೆ ಭಾರಿ ಹಿಡಿಸಿತು. “ಥ್ಯಾಂಕ್ಯೂ ಡ್ರೈವರಪ್ಪ, ಹುಷಾರಾಗಿ ಹೋಗು” ಎಂದು ಎಷ್ಟು ದೊಡ್ಡ ದನಿಯಲ್ಲಿ ಹೇಳುತ್ತಿದ್ದರೆಂದರೆ ಹಿಂದೆ ಕೂತವರೂ ತಲೆಯೆತ್ತಿ ನೋಡುತ್ತಿದ್ದರು.

ಡಿಸೆಂಬರಿನಲ್ಲಿ ಬೇಸಿಗೆ ಶುರುವಾಯಿತು. ಒಂದು ದಿನ ಹನ್ನೊಂದು ಗಂಟೆಗೇ ಹಂಪಿಯ ಬಂಡೆಯ ಮೇಲೆ ಕೂತಂತಹ ಬಿಸಿಲು. ಅತ್ತೆ ಹೊಸ್ತಿಲಲ್ಲಿ ಮಂಡಿ ಹಿಡಿದು ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಅಜ್ಜಿ, ಯಾವಾಗಲೂ ಬರಿಗಾಲಲ್ಲೇ ಓಡಾಡುವ ಗಟ್ಟಿಗಿತ್ತಿ, ಗಿಡಕ್ಕೆ ನೀರು ಬಿಡುತ್ತಾ ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು: “ಚಿಂತೆ ಬೇಡ, ಮೂರು ಗಂಟೆಗೆ ಡಾಕ್ಟರು ಬರ್ತಾರೆ.”

ಅತ್ತೆಯ ಕಿವಿ ನಿಮಿರಿತು. “ಡಾಕ್ಟರ್ ಅಂದ್ಳಲ್ಲ? ಏನಂತಬೇ?”

“ಮೂರು ಗಂಟೆಗೆ ಡಾಕ್ಟರ್ ಬರ್ತಾರಂತ್ರಿ ಅತ್ತಿ.”

“ನಾ ಕರದಿಲ್ಲ, ಹೇಳಿ ಕಳಿಸಿಲ್ಲ, ತಾನಾಗೇ ಬರ್ತಾನ! ದೇಶ ಅಂದ್ರ ಹಿಂಗಿರ್ಬೇಕು ನೋಡು.”

ನನಗೂ ಸ್ವಲ್ಪ ಅನುಮಾನ. ಬೇಲಿಯ ಹತ್ತಿರ ಹೋಗಿ ವಿಚಾರಿಸಿದೆ. ದಿನಾ ಬರುತ್ತಾರಾ? ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನಾ. ಎಲ್ಲರ ಮನೆಗೂ? “ಬಾಗಿಲು ಕಿಟಕಿ ತೆರೆದಿಟ್ಟವರ ಮನೆಗೆಲ್ಲ.” ಗಂಡಸು ಡಾಕ್ಟರಾ, ಹೆಂಗಸಾ? ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿ, ಅದನ್ನು ತಾನೆಂದೂ ಯೋಚಿಸಿಲ್ಲವೆಂದು ನಕ್ಕರು. ಮುಂದುವರಿದ ದೇಶದಲ್ಲಿ ಅಂಥದ್ದನ್ನೆಲ್ಲ ಕೇಳಬಾರದೇನೋ ಎಂದು ನಾಚಿಕೊಂಡು ಒಳಗೆ ಬಂದೆ.

ಅತ್ತೆ ಎರಡನೇ ಸಲ ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟರು. ಮನೆಗೆ ಬಂದ ಡಾಕ್ಟರನ್ನು ಹಂಗೇ ಕಳಿಸಲಾದೀತೇ ಎಂದು ನನ್ನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಮಾಡಿಸಿದರು. ಬಾಗಿಲು, ಕಿಟಕಿ ಎಲ್ಲ ಹಾರು ಹೊಡೆದು, ಬಾಗಿಲಿಗೆದುರಾಗಿ ಮೇಜು ಹಾಕಿ, ಚೀಟಿಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಜೋಡಿಸಿದರು. ಎಕ್ಸರೇಗಳನ್ನು ಮೇಲೆ ಹರಡಿದರು. ಪಕ್ಕದಲ್ಲಿ ಮಂಡಕ್ಕಿಯ ದೊಡ್ಡ ತಾಟು.

ಮೂರಾಯಿತು. ಯಾರೂ ಇಲ್ಲ. ಮೂರೂ ಹತ್ತಾಯಿತು.

“ಎಲ್ಲಾ ದೇಶದ ಡಾಕ್ಟರೂ ಇಷ್ಟ ತಗೊ,” ಎಂದರು ಅತ್ತೆ. “ಮೂರಂದ್ರ ಐದು.”

ಅವರ ಬಾಯಿ ಮುಚ್ಚುವ ಮೊದಲೇ ಪರದೆ ಮೆಲ್ಲಗೆ ಅಲುಗಿತು. ಮರುಕ್ಷಣ ಅದು ಸೂರು ಮುಟ್ಟಿತು. ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ದಬದಬನೆ ಒಳಗೆ ನುಗ್ಗಿತು. ತಾಟಿನ ಮಂಡಕ್ಕಿ ಮಳೆಹುಳುಗಳಂತೆ ಎದ್ದು ಮನೆಯ ತುಂಬ ಹಾರಾಡಿತು. ನೋಡನೋಡುತ್ತ ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿಯ ಡಾಕ್ಟರೆಲ್ಲ ಹಿತ್ತಲ ಬಾಗಿಲಿನಿಂದ ಹೊರಟೇಹೋದರು.

“ಹಿಡೀಬೇ! ನನ್ನ ಎಕ್ಸರೇ!” ಎಂದು ಅತ್ತೆ ಓಡಿದರು. ಎರಡು ಮೆಟ್ಟಿಲಿಳಿಯಲು ನನ್ನ ಭುಜ ಹಿಡಿಯುತ್ತಿದ್ದ ಅತ್ತೆ, ಸೀರೆಯ ನೆರಿಗೆ ಎತ್ತಿಕೊಂಡು, ಹಿಂದಿನ ರಸ್ತೆ ದಾಟಿ ಪಾರ್ಕಿಗೆ ಇಳಿದಿದ್ದರು. ಪಕ್ಕದ ಮನೆಯ ಅಜ್ಜಿ ತಮ್ಮ ಅಂಗಳದಲ್ಲಿ ಎರಡೂ ಕೈ ಚಾಚಿ ನಿಂತು ಕೂಗಿದರು, “ಬಂದರು ನೋಡಿ! ಡಾಕ್ಟರು ಬಂದರು!”

“ಎಲ್ಲಿ? ಎಲ್ಲಿ?” ಅತ್ತೆ ರಸ್ತೆಯ ಆ ತುದಿ, ಈ ತುದಿ ನೋಡಿದರು. ಅಜ್ಜಿ ಗಾಳಿಗೆ ತೂಗುತ್ತಿದ್ದ ಮರದ ತುದಿಗೆ ಬೆರಳು ತೋರಿಸಿದರು. ಆಗ ನನಗೆ ಅರ್ಥವಾಯಿತು. ನೆಲ ಬಾಯಿಬಿಡಬಾರದೇ ಅನಿಸಿತು.

ಆದರೆ ನಾಚಿಕೊಳ್ಳಲು ಪುರಸೊತ್ತಿರಲಿಲ್ಲ. ಪಾರ್ಕಿನಲ್ಲಿದ್ದವರೆಲ್ಲ ಕಾಗದ ಹಿಡಿಯಲು ಓಡುತ್ತಿದ್ದರು. ಒಬ್ಬ ಗೃಹಸ್ಥರ ನಾಯಿ ಸಕ್ಕರೆ ಕಾಯಿಲೆಯ ರಿಪೋರ್ಟನ್ನು ಬಾಯಲ್ಲಿ ಹಿಡಿದು ತಂದು ಅತ್ತೆಯ ಮುಂದೆ ಬಾಲ ಅಲ್ಲಾಡಿಸಿತು. ಅಲೆಗಳ ಮೇಲೆ ಆಡಿ ಹಲಗೆ ಹೊತ್ತು ಬರುತ್ತಿದ್ದ ಎತ್ತರದ ಹುಡುಗಿಯೊಬ್ಬಳು ಪೊದೆಯಿಂದ ಎಕ್ಸರೇ ಬಿಡಿಸಿ, ಸೂರ್ಯನಿಗೆ ಹಿಡಿದು ಗಂಭೀರವಾಗಿ ನೋಡಿ, “ಯಾರದಿದು?” ಎಂದಳು. ಎಲ್ಲರೂ ಒಟ್ಟಿಗೆ ಅತ್ತೆಯ ಮಂಡಿಯ ಕಡೆ ತಿರುಗಿದರು.

ಅಲ್ಲೇ ಬೆಂಚಿನ ಮೇಲೆ ಕೂಡಿಸಿ ಅತ್ತೆಗೆ ಹೇಳಿದೆ: ಮಧ್ಯಾಹ್ನ ಸಮುದ್ರದಿಂದ ಬರುವ ಈ ಗಾಳಿ ಸೆಕೆ ಇಳಿಸುತ್ತದೆಂದು ಇಲ್ಲಿಯವರು ಅದನ್ನೇ ಡಾಕ್ಟರು ಅನ್ನುತ್ತಾರೆ.

ಅತ್ತೆ ಎಕ್ಸರೇಯನ್ನು ಮಡಿಲಲ್ಲಿಟ್ಟುಕೊಂಡು ಮರದ ತುದಿಯನ್ನೊಮ್ಮೆ ನೋಡಿದರು. ನನಗೆ ಬೈಗುಳ ಖಚಿತ ಅನಿಸಿತು.

“ಗಾಳಿಗೆ ಡಾಕ್ಟರ್ ಅಂತಾರ?” ಎಂದರು. “ಹಂಗಾದ್ರ ನಮ್ಮ ಕಂಪ್ಲಿ ಕಾಲುವಿ ಗಾಳಿಗೆ ಕಂಪೌಂಡರ್ ಅನ್ಬೇಕೇನು?”

ಹೇಳಿ ತಾವೇ ನಗತೊಡಗಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ, ಕಂಪೌಂಡರ್ ಅಂದರೆ ಏನೆಂದು ವಿವರಿಸುವಷ್ಟರಲ್ಲಿ ಬೆವತುಹೋದೆ. ಯಾರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ನಕ್ಕರು. ಮಿರ್ಚಿ ಮಾತ್ರ ಭಾರವಿದ್ದದ್ದರಿಂದ ಹಾರಿರಲಿಲ್ಲ. ಅತ್ತೆ ಎಲ್ಲರನ್ನೂ ಮನೆಗೆ ಕರೆದು, “ಕುಂದ್ರಿ, ತಿನ್ರಿ” ಎಂದು ಕನ್ನಡದಲ್ಲೇ ಉಪಚರಿಸಿದರು. ಪಕ್ಕದ ಮನೆಯ ಅಜ್ಜಿ ಮೊದಲ ಮಿರ್ಚಿ ಕಚ್ಚಿ ಮಾತು ನಿಲ್ಲಿಸಿದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಇನ್ನೊಂದಕ್ಕೆ ಕೈ ಚಾಚಿದರು.

ಮರುದಿನ ಅವರೇ ತಮ್ಮ ಕಾರಿನಲ್ಲಿ ನಮ್ಮನ್ನು ಕಡಲ ದಡಕ್ಕೆ ಕರೆದೊಯ್ದರು. ನೀರು ಗಾಜಿನಂತೆ ನಿಂತಿತ್ತು. ಮೂರರ ಹೊತ್ತಿಗೆ ದೂರದಲ್ಲೊಂದು ಕಪ್ಪು ಗೆರೆ ಕಾಣಿಸಿ, ನೀರನ್ನು ಸುಕ್ಕು ಮಾಡುತ್ತ ನಮ್ಮ ಕಡೆಗೇ ಬಂದು, ಮುಖಕ್ಕೆ ತಣ್ಣಗೆ ತಟ್ಟಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ಅದು ದಿನದ ಪರಿಪಾಠವಾಯಿತು. ಇಬ್ಬರು ಮುದುಕಿಯರೂ ಬರಿಗಾಲಲ್ಲಿ ಮರಳ ಮೇಲೆ ನಡೆಯುತ್ತ ಒಬ್ಬರಿಗೊಬ್ಬರು ತಿಳಿಯದ ಭಾಷೆಯಲ್ಲಿ ಸೊಂಟನೋವು, ಮಂಡಿನೋವು ಹಂಚಿಕೊಳ್ಳುತ್ತಿದ್ದರು.

ಮಂಡಿ ವಾಸಿಯಾಯಿತೆಂದರೆ ಸುಳ್ಳಾಗುತ್ತದೆ. ಆದರೆ ಕಂಪ್ಲಿಯಲ್ಲಿರುವ ತಮ್ಮ ತಂಗಿ ಫೋನಿನಲ್ಲಿ ವಿಚಾರಿಸಿದಾಗ ಅತ್ತೆ ಹೇಳಿದ್ದು ನನಗೆ ಕೇಳಿಸಿತು: “ಇಲ್ಲಿ ಡಾಕ್ಟರ್ ಮಸ್ತ್ ಅದಾನ. ಸೂಜಿ ಇಲ್ಲ, ಗುಳಿಗಿ ಇಲ್ಲ. ಮಾತಂತೂ ಇಲ್ಲೇ ಇಲ್ಲ.”

ಊರಿಗೆ ಹೊರಡುವ ದಿನ ಫೈಲು ಕಟ್ಟುವಾಗ ಹುಬ್ಬಳ್ಳಿ ಡಾಕ್ಟರ ಚೀಟಿಯೊಂದು ಸಿಗಲಿಲ್ಲ. ಪಾರ್ಕಿನಲ್ಲೇ ಎಲ್ಲೋ ಹೋಗಿರಬೇಕು. ಹುಡುಕಿ ಬರುತ್ತೇನೆಂದು ನಾನು ಎದ್ದೆ.

“ಬ್ಯಾಡ, ಕುಂದ್ರು,” ಎಂದರು ಅತ್ತೆ. “ಎಣ್ಣ್ಯಾಗ ಕರದದ್ದು ತಿನ್ನಬ್ಯಾಡ ಅಂತ ಬರದವ ಅವನೊಬ್ಬನ.”