ಒಲೆ ಸುತ್ತಿದ ಬೆಕ್ಕು

ಬೆಳಗಿನ ಚಹಾದ ಹೊತ್ತಿಗೆ ಬಾಗಿಲ ಕೆಳಗೆ ಪರಪರ ಎಂದು ಕೆರೆಯುವ ಸದ್ದು ಕೇಳಿದರೆ ನಿಮಗೆ ಏನೂ ಆಗಲಿಕ್ಕಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಅಫಜಲಪುರದ ನಮ್ಮ ಬಾಡಿಗೆ ಮನೆಗೆ ಒಂದು ವಾರದಿಂದ ಬೂದು ಬಣ್ಣದ ಬೆಕ್ಕೊಂದು ಗಂಟು ಬಿದ್ದಿದೆ. ಇವತ್ತೂ ಬಂತು, ಕೆರೆಯಿತು. ನಾನು ಲೋಟ ಕುಕ್ಕಿ, ಚಪ್ಪಲಿ ಹಿಡಿದು ಎದ್ದೆ.

“ಅದೇನು ಮಾಡ್ಯದ ನಿಮಗ?” ಎಂದಳು ಹೆಂಡತಿ ಅಡುಗೆಮನೆಯಿಂದ. ಹತ್ತು ವರ್ಷದ ಮಗಳು ಪಲ್ಲವಿ ಪುಸ್ತಕದ ಮೇಲೆ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ಅವಳು ಹಾಗೆ ತಲೆ ಬಗ್ಗಿಸುವುದನ್ನು ಕಂಡರೆ ನನ್ನ ಸಿಟ್ಟು ಇಮ್ಮಡಿಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ತಾಳ್ಮೆ ನನ್ನಲ್ಲಂತೂ ಇಲ್ಲ, ನಿಮ್ಮದನ್ನೇ ನೆಚ್ಚಿಕೊಂಡಿದ್ದೇನೆ.

ನಾನು ಹವಳಗಾದವನು. ಅಲ್ಲಿಯ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ ಎಂಟು ವರ್ಷ ನಿಂತವನು. ಬಾಯ್ಲರ್ ಬಿಟ್ಟು ಬಂದರೂ ಇವನ ಉಗಿ ಇಳಿದಿಲ್ಲ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಆ ಕೆಲಸ ಬಲ್ಲವನೆಂದೇ ಮಸ್ಕತ್ತಿನ ಒಂದು ವರ್ಕ್‌ಶಾಪಿನವರು ನನ್ನನ್ನು ಫಿಟರ್ ಮಾಡಿಕೊಂಡರು. ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಪಲ್ಲವಿಗೆ ಆಗ ನಾಲ್ಕು ವರ್ಷ. ಊರಿನಲ್ಲಿ ಓಣಿಯ ತುಂಬ ಓಡಾಡಿಕೊಂಡಿದ್ದ ಹುಡುಗಿ ಅಲ್ಲಿ ಬಟ್ಟೆ ಒಗೆಯುವ ಮಷೀನಿನ ಮುಂದೆ ಕೂತು ಅದರ ಜೊತೆ ಮಾತಾಡತೊಡಗಿದಳು. “ಊಟ ಆತೇನು?” ಎಂದು ಕೇಳುವಳು. ಅದು ಗುರ್ ಎನ್ನುವುದು. ನಾನು ಅದನ್ನು ನೋಡಿ ನಕ್ಕಿದ್ದೆ. ನಗುವ ವಿಷಯವೇ ಅದು?

ನಗದೆ ಇದ್ದವರು ಬಾನು ಆಪಾ. ಕೆಳಗಿನ ಮಹಡಿಯವರು, ಜೇವರ್ಗಿ ಕಡೆಯ ಇಜೇರಿಯವರು. ಊರಲ್ಲಿದ್ದರೆ ಹೊಳೆಯ ಆಚೆಯವರೆಂದು ಮಾತೂ ಆಡಿಸುತ್ತಿರಲಿಲ್ಲವೇನೋ. ಪರದೇಶದಲ್ಲಿ ಅವರು “ಬರ್ರಿ, ಚಾ ಕುಡೀರಿ” ಎಂದರೆ ನನ್ನ ಹೆಂಡತಿಗೆ ತವರಿನವರೇ ಕರೆದಂತೆ. ಒಂದು ದಿನ ಅವರು ಸಂತೆಚೀಲದೊಳಗೆ ಕೆಂಗಂದು ಬಣ್ಣದ ಮರಿಯೊಂದನ್ನು ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ಮೀನಿನ ಪೇಟೆಯ ಹಿಂದೆ ಸಿಕ್ಕಿತಂತೆ.

“ಈ ಪೋರಿಗಿ ಮಾತಾಡಾಕ ಒಂದು ಜೀವ ಬೇಕ್ರಿ ಭಾಯಿ. ಮಷೀನ್ ಎಷ್ಟಂತ ಜವಾಬು ಕೊಡತದ?”

ನಾನು ಬೇಡವೆಂದೆ. ನಮ್ಮ ಊರಲ್ಲಿ ಬೆಕ್ಕನ್ನು ಯಾರೂ ಸಾಕುವುದಿಲ್ಲ. ಬೆಕ್ಕು ಇರುತ್ತದೆ, ಅಷ್ಟೇ. ಜೋಳದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಅದು. ಅದಕ್ಕೆ ಹೆಸರಿಲ್ಲ, ಹಾಸಿಗೆಯಿಲ್ಲ. ಮಸ್ಕತ್ತಿನ ಅಂಗಡಿಗಳಲ್ಲಿ ಬೆಕ್ಕಿಗೆ ಸ್ವೆಟರ್ ಮಾರುತ್ತಿದ್ದುದನ್ನು ನೋಡಿ ನಾನು ಅಂಗಡಿಯ ಹೊರಗೆ ನಿಂತೇ ಬೈದಿದ್ದೆ. ಇಷ್ಟೆಲ್ಲ ಭಾಷಣ ಮುಗಿಯುವಷ್ಟರಲ್ಲಿ ಪಲ್ಲವಿ ಮರಿಯ ಬಣ್ಣ ನೋಡಿ “ಬೆಲ್ಲ” ಎಂದು ಕರೆದುಬಿಟ್ಟಿದ್ದಳು. ಹೆಸರಿಟ್ಟ ಮೇಲೆ ಹೊರಗೆ ಹಾಕುವುದು ಹೇಗೆ?

ಊರಿಗೆ ಫೋನ್ ಹಚ್ಚಿದೆ. ಅವ್ವ ಹೇಳಿದಳು: “ಮೊದಲ ಒಲಿ ಸುತ್ತ ಮೂರು ಸುತ್ತು ತಿರುಗಸು. ಇದ ನಿನ್ನ ಒಲಿ, ಇದ ನಿನ್ನ ಮನಿ ಅಂತ ಕಿವ್ಯಾಗ ಹೇಳು. ಆಮ್ಯಾಲ ಅದು ಎಲ್ಲೂ ಹೋಗಂಗಿಲ್ಲ.” ನಮ್ಮ ಮನೆಗೆ ಬೆಕ್ಕು ಬಂದು ಸೇರಿಕೊಂಡಾಗಲೆಲ್ಲ ಹೀಗೇ ಮಾಡುತ್ತಿದ್ದರು. ಆದರೆ ಮಸ್ಕತ್ತಿನ ಒಲೆ ಗೋಡೆಗೆ ಅಂಟಿಕೊಂಡಿತ್ತು, ಸುತ್ತುವುದು ಎಲ್ಲಿಂದ ಬಂತು? ಬಾಯ್ಲರ್ ಬಿಚ್ಚಿ ಜೋಡಿಸಿದವನಿಗೆ ಅದೇನು ಮಹಾ ಎಂದು ಸಿಲಿಂಡರ್ ಸಮೇತ ಒಲೆಯನ್ನು ಕೋಣೆಯ ನಡುವೆ ತಂದಿಟ್ಟೆ. ಪಲ್ಲವಿ ಮರಿಯನ್ನು ಎದೆಗವಚಿಕೊಂಡು ಮೂರು ಸುತ್ತು ಹಾಕಿದಳು. ಕಿವಿಯಲ್ಲಿ ಅಜ್ಜಿ ಹೇಳಿಕೊಟ್ಟದ್ದನ್ನು ಹೇಳಿದಳು. ಕೊನೆಗೆ ತನ್ನದೊಂದು ಮಾತು ಸೇರಿಸಿದಳು: “ಖರೇ ಹೇಳಾಕತ್ತೇನಿ.”

ಅಂದಿನಿಂದ ಮಷೀನು ಬರೀ ಬಟ್ಟೆ ಒಗೆಯಿತು. ಶಾಲೆಯಿಂದ ಮಗಳು ಬರುವ ಹೊತ್ತಿಗೆ ಬೆಲ್ಲ ಬಾಗಿಲ ಹಿಂದೆ ಬಂದು ಕೂರುತ್ತಿತ್ತು. ಅವಳು ದಿನದ ವರದಿಯನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದಳು. ನಾನೂ ವರ್ಕ್‌ಶಾಪಿನ ಒಂದೆರಡು ಬೈಗುಳಗಳನ್ನು ಅದರ ಮುಂದೆ ಆಡಿ ಹಗುರಾಗುತ್ತಿದ್ದೆ.

ಒಂದೂವರೆ ವರ್ಷ ಕಳೆಯಿತು. ಬೇಸಿಗೆಯಲ್ಲಿ ಎರಡು ತಿಂಗಳು ರಜೆ ಸಿಕ್ಕಿತು. ಅಷ್ಟರಲ್ಲಿ ಬಾನು ಆಪಾ ಪಟ್ಟಣದ ಇನ್ನೊಂದು ಮೂಲೆಗೆ ಮನೆ ಬದಲಿಸಿದ್ದರು. “ಬೆಕ್ಕ ನನಗ ಕೊಡ್ರಿ, ನಾವು ಈ ಸಲ ಊರಿಗಿ ಹೋಗಂಗಿಲ್ಲ” ಎಂದರು. ನನಗೆ ಬಿಟ್ಟಿ ಪಾಠ ಹೇಳುವ ಚಟ. “ನಾಯಿ ಮಂದೀನ ನೆಚ್ಚತದ ಆಪಾ, ಬೆಕ್ಕು ಮನೀನ ನೆಚ್ಚತದ. ನಿಮ್ಮ ಮನಿಗಿ ಒಯ್ದರ ತಪ್ಪಿಸ್ಕೊಂಡು ಓಡತದ. ಇಲ್ಲೇ ಇರಲಿ” ಎಂದೆ. ಸುಗ್ಗಿಯಲ್ಲಿ ನಾವೆಲ್ಲ ಹೊಲದ ಗುಡಿಸಲಿಗೆ ಹೋದರೆ ಊರ ಮನೆಯ ಬೆಕ್ಕು ತನ್ನ ಪಾಡಿಗೆ ತಾನು ಇರುತ್ತಿರಲಿಲ್ಲವೇ? ತಿಂಡಿಯ ಚೀಲವನ್ನು ಕಟ್ಟಡದ ವಾಚ್‌ಮನ್ನನ ಕೈಗೆ ಕೊಟ್ಟೆ. ಬೆಲ್ಲನನ್ನು ಮೆಟ್ಟಿಲ ಬಳಿ ಬಿಟ್ಟು ಬೀಗ ಹಾಕಿದೆ.

“ಅಪ್ಪ, ಬೆಲ್ಲನ ಒಲಿ ಒಳಗದ. ಅದು ಹೊರಗದ. ಹೆಂಗ?” ಎಂದಳು ಪಲ್ಲವಿ.

“ಸುಮ್ಮ ನಡಿ, ವಿಮಾನ ತಪ್ಪತದ” ಎಂದು ಗದರಿದೆ. ಅವಳು ತಲೆ ಬಗ್ಗಿಸಿದಳು. ಹಾಗೆ ಬಗ್ಗಿಸಿದ್ದು ಅದೇ ಮೊದಲು.

ತಿರುಗಿ ಬಂದಾಗ ಬೆಲ್ಲ ಇರಲಿಲ್ಲ. ಬಾಗಿಲ ಕೆಳಭಾಗದಲ್ಲಿ ಬಣ್ಣ ಕಿತ್ತು, ಹಸಿ ಕಟ್ಟಿಗೆ ಕಾಣುವಂತೆ ಗೀರುಗಳಿದ್ದವು. ಇಟ್ಟ ತಿಂಡಿಯನ್ನು ಅದು ಸರಿಯಾಗಿ ಮುಟ್ಟಲಿಲ್ಲ, ದಿನವಿಡೀ ಬಾಗಿಲು ಕೆರೆಯುತ್ತ ಒದರುತ್ತಿತ್ತು ಎಂದ ವಾಚ್‌ಮನ್. ಅಕ್ಕಪಕ್ಕದವರು ದೂರಿದರಂತೆ. ಯಾವುದೋ ಗಾಡಿಯವರು ಬಂದು ಬಲೆ ಹಾಕಿ ಹಿಡಿದುಕೊಂಡು ಹೋದರಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಚ್‌ಮನ್ನನಿಗೆ ಬೈದೆ. ಪಕ್ಕದ ಮನೆಯವರ ಬಾಗಿಲು ಬಡಿದು ಬೈದೆ. ಊರಿಗೆ ಫೋನ್ ಮಾಡಿ ಅವ್ವನಿಗೂ ಅವಳ ಒಲೆಗೂ ಬೈದೆ. ಅವ್ವ ತಣ್ಣಗೆ ಹೇಳಿದಳು: “ಒಂದು ಇಲಿ ಇರಲಾರದ ಮನಿ. ಅದಕ್ಕೂ ಬೀಗ ಹಾಕಿ ಬಂದಾಂವ ನೀನು. ನನ್ನ ಮಾತಿಗ್ಯಾಕ ಬೈತಿ?” ಫೋನ್ ಇಟ್ಟೆ. ಬೈಯಲು ಇನ್ನು ಒಬ್ಬನೇ ಉಳಿದಿದ್ದ, ಅವನಿಗೆ ಬೈಯುವ ಧೈರ್ಯ ಆಗಲಿಲ್ಲ.

ಮಗಳಿಗೆ ಏನು ಹೇಳುವುದು? ಗೀರುಗಳು ಕಾಣದಂತೆ ಬಾಗಿಲಿಗೆ ಅಡ್ಡ ನಿಂತು, “ಬೆಲ್ಲ ಬಾನು ಆಪಾನ ಮನ್ಯಾಗ ಅದ” ಎಂದೆ. ಮರುದಿನವೇ ಬಣ್ಣ ತಂದು ಬಳಿದೆ. ಯಾರಾದರೂ ಕೇಳಿದರೆ ಹೌದೆನ್ನಿ ಎಂದು ಬಾನು ಆಪಾಗೆ ಹೇಳಿದೆ. ಅವರು ಒಪ್ಪಲಿಲ್ಲ.

“ಸುಳ್ಳು ನಿಮ್ದು ಭಾಯಿ. ನನ್ನ ಬಾಯಾಗ ಇಡಬ್ಯಾಡ್ರಿ.”

ಅವರ ಮೇಲೂ ಸಿಟ್ಟಾಗಿ ಆರು ತಿಂಗಳು ಮಾತು ಬಿಟ್ಟೆ. ವಿಚಿತ್ರವೆಂದರೆ, ಬಾನು ಆಪಾನ ಮನೆಗೆ ಕರೆದುಕೊಂಡು ಹೋಗು ಎಂದು ಪಲ್ಲವಿ ಒಂದು ದಿನವೂ ಕೇಳಲಿಲ್ಲ. ಮತ್ತೆ ಮಷೀನಿನ ಮುಂದೆಯೂ ಕೂರಲಿಲ್ಲ. “ನೋಡು, ಮಕ್ಕಳು ಬೇಗ ಮರೀತಾವ” ಎಂದು ಹೆಂಡತಿಯ ಮುಂದೆ ಗೆದ್ದವನಂತೆ ಹೇಳಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ ಕಟ್ಟಿದವರು ನನ್ನನ್ನು ನೋಡಿರಲಿಲ್ಲ. ನೋಡಿದ್ದರೆ ಪಾಪದ ಬೆಕ್ಕಿನ ಹೆಸರು ಕೆಡಿಸುತ್ತಿರಲಿಲ್ಲ.

ಆಮೇಲೆ ಮಸ್ಕತ್ ಬಿಟ್ಟು ಬಂದು ಇಲ್ಲಿ ನೆಲೆಸಿದೆವು. ಈಗ ನೀವು ನನ್ನ ಜೊತೆ ಇವತ್ತಿನ ಬೆಳಗಿಗೆ ಬನ್ನಿ. ನನ್ನ ಕೈಯಲ್ಲಿ ಚಪ್ಪಲಿ ಇದೆ, ಬಾಗಿಲ ಹೊರಗೆ ಬೆಕ್ಕು ಕೆರೆಯುತ್ತಿದೆ. ನಿನ್ನೆಯಷ್ಟೇ ಹವಳಗಾದಿಂದ ಬಂದಿರುವ ಅವ್ವ ಗೋಡೆಗೊರಗಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಾಳೆ.

“ಅದರ ಹೊಟ್ಟಿ ನೋಡಿದಿಲ್ಲ? ಮರಿ ಹಾಕೋದದ. ಒಳಗ ತಗೋರಿ. ಪಲ್ಲವಿ, ಒಲಿ ಸುತ್ತ ತಿರುಗಸು ಬಾ” ಎಂದಳು ಅವ್ವ.

ಪಲ್ಲವಿ ಪುಸ್ತಕದಿಂದ ತಲೆ ಎತ್ತದೆ ಅಜ್ಜಿಗೆ ಹೇಳಿದಳು: “ಬ್ಯಾಡ ಆಯಿ. ಒಲಿ ಸುತ್ತಿಸಬ್ಯಾಡ. ಅದು ಖರೇ ಅಂತ ತಿಳಕೊಳ್ತದ.”

ಚಪ್ಪಲಿ ಹಿಡಿದು ನಿಂತವನಿಗೆ ಧೈರ್ಯ ಎಲ್ಲಿಂದ ಬಂತೋ ಕಾಣೆ, “ಬೆಲ್ಲ ಬಾನು ಆಪಾನ ಮನೀಗಿ ಹೋಗಿರಲಿಲ್ಲ” ಎಂದುಬಿಟ್ಟೆ.

“ಗೊತ್ತದ. ನೀ ಬಾಗಲಕ್ಕ ಅಡ್ಡ ನಿಂತಿದ್ದಿ. ನಿನ್ನ ಕಾಲ ನಡುವ ಕಾಣ್ತಿತ್ತು.”

“ಮತ್ತ ಯಾಕ ಕೇಳಲಿಲ್ಲ?”

“ನಿನಗ ಸಿಟ್ಟು ಬರ್ತದಂತ.”

ನನ್ನ ಸೊಂಟದೆತ್ತರದ ಮಗು ಆ ಗೀರುಗಳನ್ನು ಆವತ್ತೇ ಕಂಡಿತ್ತು. ಐದು ವರ್ಷ ಆ ಬೆಕ್ಕಿಗಾಗಿ ಅಳಲೂ ಇಲ್ಲ, ಕೇಳಲೂ ಇಲ್ಲ, ಅಪ್ಪ ರೇಗಿಯಾನೆಂದು.

ಚಪ್ಪಲಿ ಕೆಳಗಿಟ್ಟು ಬಾಗಿಲು ತೆಗೆದೆ. ಬೆಕ್ಕು ನನ್ನನ್ನು ದಾಟಿ ನೇರ ಮಂಚದ ಕೆಳಗೆ ಹೋಯಿತು. ಹೆಂಡತಿ ತಾಟಿನಲ್ಲಿ ಹಾಲು ತಂದಿಟ್ಟಳು. ಒಲೆ ಸುತ್ತಿಸುವ ಮಾತನ್ನು ಅವ್ವನೂ ಮತ್ತೆ ಎತ್ತಲಿಲ್ಲ. ಪಲ್ಲವಿ ಪುಸ್ತಕ ಮುಚ್ಚಿ ಎದ್ದಳು. ಆದರೆ ಬೆಕ್ಕಿನ ಬಳಿ ಹೋಗುವ ಮೊದಲು ನಿಂತು, ಒಮ್ಮೆ ನನ್ನ ಮುಖ ನೋಡಿದಳು.