ನನ್ನ ಹೆಸರಿನ ಪೈಲ್ವಾನ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕುಸ್ತಿ ಬಿಟ್ಟು ತಿಕೋಟಾದಲ್ಲಿ ಹೊಲ ನೋಡಿಕೊಂಡಿದ್ದೆ. ಗಡಿಯಾಚೆ ಜತ್ತದ ಕಡೆ ಆಡಿದ ಕುಸ್ತಿಯೊಂದರಲ್ಲಿ ನನ್ನ ಬಲಭುಜ ಕಳಚಿತ್ತು. ಕೂಡಿಸಿದ ಮೇಲೂ ಅದು ಮೊದಲಿನಂತಾಗಲಿಲ್ಲ. ನಾನು ಹೆಸರು ಮಾಡಿದ್ದೆಲ್ಲ ಆ ಕಡೆಯೇ. ಹೀಗಾಗಿ ವಿಜಾಪುರ, ಬಬಲೇಶ್ವರದ ಮಂದಿಗೆ ನನ್ನ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಒಂದು ದಿನ ವಿಜಾಪುರದ ಚಹಾದಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಕುಸ್ತಿಯ ಮಾತಿಗಿಳಿದಿದ್ದರು.

"ತಿಕೋಟಾದಂವ ಬಬಲೇಶ್ವರದಾಗ ಎಂಥಾ ಪಟ್ಟು ಹಾಕಿದ ಅಂತಿ! ಸಾಂಗ್ಲಿ ಪೈಲ್ವಾನನ್ನ ಎತ್ತಿ ಒಗದಬಿಟ್ಟ."

ಆಮೇಲೆ ಅವರು ಹೇಳಿದ ಹೆಸರು ನನ್ನದು. ಅಪ್ಪನ ಹೆಸರು, ಕುಸ್ತಿ ಕಲಿಸಿದ ವಸ್ತಾದರ ಹೆಸರು, ಎಲ್ಲ ನನ್ನವೇ.

"ಆ ಪೈಲ್ವಾನ ನಾನ ಅದೀನ್ರಿ" ಎಂದೆ.

ಇಬ್ಬರೂ ನಕ್ಕರು. "ಸುಮ್ಮ ಚಾ ಕುಡೀಪಾ. ಕಣ್ಣಾರೆ ನೋಡೇವಿ ಅವನ್ನ. ನಿನಗ ಅಂಥಾ ಎದಿ ಎಲ್ಲೈತಿ?"

ಊರಿಗೆ ಮರಳುವಾಗ ಮೈಯೆಲ್ಲ ಉರಿಯುತ್ತಿತ್ತು. ಯಾವನೋ ನನ್ನ ಹೆಸರು ಕದ್ದ ಸಿಟ್ಟು ಒಂದು ಕಡೆ ಇರಲಿ. ಸಾಂಗ್ಲಿಯ ಆ ಪೈಲ್ವಾನನ ಕೈಯಲ್ಲಿ ಹಿಂದೆ ನಾನೇ ಸೋತಿದ್ದೆ. ನನ್ನಿಂದಾಗದ್ದನ್ನು ನನ್ನ ಹೆಸರಿನವನು ಮಾಡಿದ್ದ. ಅದನ್ನು ನುಂಗಿಕೊಳ್ಳುವುದು ನನಗೆ ಆಗಲೇ ಇಲ್ಲ.

ಕುಸ್ತಿಗೆಂದು ಮತ್ತೆ ಸಾಮು ತೆಗೆಯತೊಡಗಿದೆ. ಭುಜಕ್ಕೆ ಎಣ್ಣೆ ತಿಕ್ಕುತ್ತ ಹೆಂಡತಿ ಕೇಳಿದಳು, "ಹೋಗಿ ಮಂದಿ ಮುಂದ ಖರೇ ಹೇಳಿ ಬರ್ರಿ. ಕುಸ್ತಿ ಯಾಕ ಬೇಕು?"

"ಬಾಯಿಲೆ ಹೇಳಿದ್ರ ಯಾರ ನಂಬ್ತಾರ? ಮೊದಲ ಅವನಿಗಿ ಮಣ್ಣ ಮುಕ್ಕಸ್ತೀನಿ. ಆಮ್ಯಾಲ ಹೇಳ್ತೀನಿ."

ಬಬಲೇಶ್ವರದಲ್ಲಿ ಮತ್ತೆ ಕುಸ್ತಿ ಇಟ್ಟಾಗ ಹೋದೆ. ಹಲಗಿಯ ಸದ್ದಿನ ನಡುವೆ ನನ್ನ ಹೆಸರು ಕೂಗಿದರು. ಕಣಕ್ಕಿಳಿದವನನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಕಳ್ಳಕವಟಗಿ ಊರಿನವನು. ನಮ್ಮ ಗರಡಿಯಲ್ಲೇ ಕಲಿತವನು, ಮಾತು ಕಡಿಮೆ, ನನಗಿಂತ ಚಿಕ್ಕವನು. ಈಗ ಅವನ ಮೈಕಟ್ಟು ನೋಡಿ ನನಗೇ ಕಣ್ಣು ಕೀಳಲಾಗಲಿಲ್ಲ.

"ಯಾರ ಹಿಡಿತೀರಿ ಇವನ ಕೂಡ?" ಎಂದು ಪಂಚರು ಕೂಗಿದರು. ತೊಡೆ ತಟ್ಟಿ ಇಳಿದೆ. ಹೆಸರು ಕೇಳಿದರು. ನಾನು ಅವನ ಹೆಸರು, ಅವನ ಊರು ಹೇಳಿದೆ. ಅವನ ಮುಖ ಬಿಳಿಚಿಕೊಂಡಿತು.

ಕೈಗೆ ಕೈ ಕೂಡಿತು. ಮೊದಮೊದಲು ಅವನು ಹಿಂದೆ ಸರಿಯುತ್ತಿದ್ದ. ಕೊರಳು ಕೊರಳಿಗೆ ತಾಗಿದಾಗ ಕಿವಿಯಲ್ಲಿ ಅಂದ, "ಅಣ್ಣಾ, ಭುಜ ಹುಷಾರ್ರಿ."

ಆ ಕರುಣೆ ನನ್ನನ್ನು ಕೆರಳಿಸಿತು. "ಗಂಡಸಾದ್ರ ಹಿಡಿಯೋ ಲೇ" ಎಂದು ಬಲವೆಲ್ಲ ಹಾಕಿ ನುಗ್ಗಿದೆ. ಅವನು ಹಿಡಿದ. ನನ್ನ ಕೆಟ್ಟ ಭುಜವನ್ನು ಮುಟ್ಟದೆಯೇ ಸೊಂಟದಿಂದೆತ್ತಿ ಚಿತ್ ಮಾಡಿದ. ಬೆನ್ನಡಿ ಮಣ್ಣು, ಮೇಲೆ ಆಕಾಶ. ಸುತ್ತಲೂ ಜನ ನನ್ನ ಹೆಸರು ಕೂಗಿ ರುಮಾಲು ಹಾರಿಸುತ್ತಿದ್ದರು.

ಕೈಹಿಡಿದು ಎಬ್ಬಿಸಿದವನನ್ನು ಕೇಳಿದೆ, "ಯಾಕ ಮಾಡಿದಿ ಹಿಂಗ?"

"ನನ್ನ ಹೆಸರಿಗಿ ಯಾರೂ ಕುಸ್ತಿಗಿ ಜೋಡಿ ಹಚ್ಚಲಿಲ್ಲಣ್ಣಾ. ನಿಮ್ಮ ಹೆಸರು ಹೇಳಿದ ಮ್ಯಾಲ ಕಣಕ್ಕ ಬಿಟ್ರು. ನೀವು ಇನ್ನ ಕುಸ್ತಿ ಹಿಡಿಯಾಂಗಿಲ್ಲ ಅಂತ ಮಂದಿ ಅಂದ್ರು. ತಪ್ಪಾತ್ರಿ."

ನಾನು ಬಾಯಿ ತೆರೆಯುವ ಮೊದಲೇ ಅವನು ಕಣದ ನಡುವೆ ನಿಂತು ಕೈ ಮುಗಿದ. ತಾನು ಯಾರು, ನಾನು ಯಾರು ಎಂದು ಎಲ್ಲರೆದುರು ಹೇಳಿದ. ಅವನಿಗೆ ನಾಲ್ಕು ಬೈಗುಳ ಬೀಳುತ್ತವೆ ಎಂದು ಕಾದೆ. ಯಾರೋ ಒಬ್ಬ ಅಂದ, "ಹಂಗಾದ್ರ ಖರೇ ಪೈಲ್ವಾನ ಬಿದ್ದಂವ ಅಂದಂಗಾತು!" ಎಲ್ಲರೂ ಗೊಳ್ಳೆಂದು ನಕ್ಕರು. ಖರೇ ಹೇಳಿದ್ದಕ್ಕೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನಿಗೆ ಕೆಟ್ಟ ಹೆಸರು ತರಲು ಹೋಗಿ ಅವನ ಸ್ವಂತ ಹೆಸರನ್ನು ಊರಿಗೆಲ್ಲ ಮುಟ್ಟಿಸಿ ಬಂದಿದ್ದೆ.

ಮುಂದೆ ಅವನು ತನ್ನ ಹೆಸರಿನಲ್ಲೇ ವಿಜಾಪುರದಲ್ಲಿ ಕುಸ್ತಿ ಹಿಡಿದ. ನೋಡುವುದಿಲ್ಲ ಎಂದುಕೊಂಡಿದ್ದ ನಾನು ಹೋಗಿ ಜನರ ನಡುವೆ ಕೂತೆ. ಅವನು ಸೋಲಲಿ ಎಂದು ಮನಸಾರೆ ಬೇಡಿಕೊಂಡೆ. ಅವನು ಗೆದ್ದ. ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಪಕ್ಕದವನು ಚಪ್ಪಾಳೆ ಹೊಡೆಯುತ್ತ, "ಇಂಥಾ ಪೈಲ್ವಾನ ಹಿಂದ ಎಂದರ ಇದ್ನೇನ್ರಿ ನಮ್ಮ ಕಡೆ?" ಎಂದು ಕೇಳಿದ.

"ಇರಲಿಲ್ಲ" ಎಂದೆ. ಚಪ್ಪಾಳೆಗೆ ಕೈ ಮಾತ್ರ ಮೇಲೇಳಲಿಲ್ಲ.